ಬೆರಳು ನೋಡಿ ಉದ್ಯೋಗ ಹೇಳುವವರು

ಎದುರಿಗೆ ಕೂತವರ ಕೆಲಸ ಏನು ಅಂತ ಕೇಳಿ ತಿಳಿದುಕೊಳ್ಳುವುದು ಈಗ ದಡ್ಡರ ಲಕ್ಷಣ. ಬುದ್ಧಿವಂತರು ಕೇಳುವುದಿಲ್ಲ, ಹೇಳುತ್ತಾರೆ. ನಿಮ್ಮ ಬೆರಳಿನ ತುದಿ, ಚಪ್ಪಲಿ ಸವೆದಿರುವ ಕಡೆ, ಪೆನ್ನು ಸಿಕ್ಕಿಸಿದ ಜೇಬು, ಇಷ್ಟನ್ನು ಕಣ್ಣು ಕಿರಿದು ಮಾಡಿ ನೋಡಿ, "ನೀವು ಮೇಷ್ಟ್ರು ಅಲ್ವಾ?" ಎನ್ನುತ್ತಾರೆ.

ಅಲ್ಲ ಎಂದರೂ ಅವರು ಸೋಲುವುದಿಲ್ಲ. "ಹಾಗಾದ್ರೆ ನಿಮ್ಮ ತಂದೆ ಮೇಷ್ಟ್ರು." ಅವರೂ ಅಲ್ಲ. "ಅಜ್ಜ?" ಅಲ್ಲ. ಆಗ ಸ್ವಲ್ಪ ಹಿಂದಕ್ಕೆ ಒರಗಿ, ಮರುಕದಿಂದ, "ನೀವು ಮೇಷ್ಟ್ರಾಗಬೇಕಿತ್ತು ಬಿಡಿ" ಎನ್ನುತ್ತಾರೆ. ಅಂದರೆ ಊಹೆ ಸರಿಯಾಗಿಯೇ ಇದೆ. ತಪ್ಪಿದ್ದು ನಿಮ್ಮ ಬದುಕು.

ಈ ವಿದ್ಯೆ ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಕೆಲಸ ಮೈಮೇಲೆ ಗುರುತು ಬಿಡುತ್ತದೆ. ಗದ್ದಕ್ಕೆ ಆನಿಸಿ ಪಿಟೀಲು ನುಡಿಸುವವರ ಎಡದವಡೆಯ ಕೆಳಗೆ ಚರ್ಮ ಒತ್ತಿ ಒತ್ತಿ ಕಪ್ಪಾಗಿ ಗಟ್ಟಿಯಾಗಿರುತ್ತದೆ. 28 ವರ್ಷ ಟ್ರಕ್ ಓಡಿಸಿದ 69ರ ಹರೆಯದ ಒಬ್ಬರ ಫೋಟೋವನ್ನು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು 2012ರಲ್ಲಿ ಹಾಕಿತ್ತು. ಕಿಟಕಿ ಕಡೆಯ ಎಡಗೆನ್ನೆ ಬಿಸಿಲು ತಿಂದು ಸುಕ್ಕುಗಟ್ಟಿ ಅಪ್ಪನದಾಗಿತ್ತು, ಬಲಗೆನ್ನೆ ಮಗನದು.

ಎಡಿನ್‌ಬರೋದಲ್ಲಿ ಡಾಕ್ಟರ್ ಜೋಸೆಫ್ ಬೆಲ್ ಅಂತ ಒಬ್ಬರಿದ್ದರು. ಒಬ್ಬ ರೋಗಿಯನ್ನು ನೋಡುತ್ತಲೇ, ಇವನು ಸೇನೆಯಲ್ಲಿದ್ದವನು, ಬಿಟ್ಟು ಜಾಸ್ತಿ ದಿನ ಆಗಿಲ್ಲ, ಬಾರ್ಬಡೋಸ್‌ನಲ್ಲಿದ್ದ ಅಂತ ಹೇಳಿದರು. ಹೇಗೆ? ಮನುಷ್ಯ ವಿನಯವಂತ, ಆದರೂ ಟೋಪಿ ತೆಗೆಯಲಿಲ್ಲ. ಅದು ಸೈನಿಕರ ರೂಢಿ. ಸೇನೆ ಬಿಟ್ಟು ಬಹಳ ದಿನವಾಗಿದ್ದರೆ ಆ ರೂಢಿಯೂ ಬಿಟ್ಟುಹೋಗಿರುತ್ತಿತ್ತು. ಜೊತೆಗೆ ಅವನಿಗಿದ್ದದ್ದು ಆನೆಕಾಲು ರೋಗ. ಅದು ವೆಸ್ಟ್ ಇಂಡೀಸ್ ಕಡೆಯದು, ಬ್ರಿಟನ್ನಿನದಲ್ಲ. ಬೆಲ್ ಅವರ ಶಿಷ್ಯನೊಬ್ಬ ಮುಂದೆ ಪತ್ತೇದಾರಿ ಕಥೆ ಬರೆದು ಲೋಕಕ್ಕೆಲ್ಲ ಈ ಹುಚ್ಚು ಹಿಡಿಸಿದ. ಬೆಲ್ ರೋಗಗಳನ್ನು ಓದಿದ್ದರು. ನಮ್ಮವರು ಕಥೆಗಳನ್ನು ಮಾತ್ರ ಓದಿದ್ದಾರೆ.

ಹರಟೆಯಲ್ಲಿ ಇದು ಸುಮ್ನೆ ಮೋಜು. ಕುರ್ಚಿ ಸಿಕ್ಕಿತೋ, ಕಥೆಯೇ ಬೇರೆ. ಕೈ ಕುಲುಕಿದ ಬಿಗಿ ನೋಡಿಯೇ ಅಭ್ಯರ್ಥಿಯ ಯೋಗ್ಯತೆ ಅಳೆದೆ ಎನ್ನುವ ಸಂದರ್ಶಕರಿದ್ದಾರೆ. ಹಾಗಿದ್ದರೆ ಮುಂದಿನ ಅರ್ಧ ಗಂಟೆ ಪ್ರಶ್ನೆ ಯಾಕೆ ಕೇಳುತ್ತೀರಿ ಸ್ವಾಮಿ?

ಇವರ ಕುಲಗುರು ಫ್ರಾನ್ಸಿನ ಅಲ್ಫೋನ್ಸ್ ಬರ್ಟಿಲೋನ್. ಪೊಲೀಸ್ ಇಲಾಖೆಗಾಗಿ ಅಪರಾಧಿಗಳ ಕಿವಿ, ಕೈ, ತಲೆ ಅಳೆದು ಹೆಸರು ಮಾಡಿದವರು. ಅಳತೆಯಲ್ಲಿ ನಿಜಕ್ಕೂ ಪಳಗಿದ ಕೈ. ಅಕ್ಷರದ ವಿಷಯ ಅವರದಲ್ಲ. ಆದರೂ 1894ರಲ್ಲಿ ಸೇನಾಧಿಕಾರಿ ಡ್ರೇಫಸ್ ಮೇಲೆ ದೇಶದ್ರೋಹದ ಕೇಸು ಬಂದಾಗ, ಸಿಕ್ಕ ಕಾಗದದ ಕೈಬರಹ ಯಾರದು ಅಂತ ಹೇಳಲು ಕೂತರು. ಹೋಲಿಕೆ ಇದ್ದಲ್ಲಿ, ಡ್ರೇಫಸ್‌ನದೇ. ವ್ಯತ್ಯಾಸ ಇದ್ದಲ್ಲಿ? ತನ್ನ ಅಕ್ಷರ ಅಲ್ಲ ಎನ್ನಿಸಲು ಡ್ರೇಫಸ್ ತನ್ನದೇ ಅಕ್ಷರವನ್ನು ಬೇಕಂತಲೇ ನಕಲು ಮಾಡಿದ್ದಾನೆ! ಹೊಂದಿದರೂ ಸಾಕ್ಷಿ, ಹೊಂದದಿದ್ದರೂ ಸಾಕ್ಷಿ. ಆ ನಿರಪರಾಧಿ ಆರೋಪದಿಂದ ಪೂರ್ತಿ ಬಿಡುಗಡೆಯಾಗುವ ಹೊತ್ತಿಗೆ 1906 ಬಂದಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಅದನ್ನೇ ಅಮೆರಿಕ ಸರ್ಕಾರ ವಿಮಾನ ನಿಲ್ದಾಣಗಳಲ್ಲಿ ಇಲಾಖೆ ಮಾಡಿ ನಡೆಸಿತು. ಹಾವಭಾವ ನೋಡಿ ಕೇಡಿಗರನ್ನು ಗುರುತಿಸಲು ತರಬೇತಿ ಪಡೆದ ಅಧಿಕಾರಿಗಳು. 2007ರಿಂದ ಸುಮಾರು 90 ಕೋಟಿ ಡಾಲರ್ ಸುರಿದ ಮೇಲೆ, 2013ರಲ್ಲಿ ಸರ್ಕಾರದ್ದೇ ಲೆಕ್ಕತಪಾಸಣಾ ಸಂಸ್ಥೆ ಇದು ಕೆಲಸ ಮಾಡುತ್ತದೆ ಎನ್ನಲು ಆಧಾರ ಸಾಲದು ಎಂದಿತು. ಹಾವಭಾವದಿಂದ ಮೋಸ ಹಿಡಿಯುವುದರಲ್ಲಿ ಮನುಷ್ಯರ ಕೈ ನಾಣ್ಯ ಚಿಮ್ಮಿದ್ದಕ್ಕಿಂತ ಹೆಚ್ಚೇನೂ ಮೇಲಲ್ಲವಂತೆ. ನಾಣ್ಯಕ್ಕೆ ಸಂಬಳವೂ ಬೇಡ, ಸಮವಸ್ತ್ರವೂ ಬೇಡ.

2015ರಲ್ಲಿ ಅನುಮಾನದ ಲಕ್ಷಣಗಳ ಆ ಪಟ್ಟಿ ಹೊರಬಿತ್ತು. ಜೋರಾಗಿ ಆಕಳಿಸುವುದು, ಮತ್ತೆ ಮತ್ತೆ ಗಂಟಲು ಸರಿಮಾಡಿಕೊಳ್ಳುವುದು, ಶಿಳ್ಳೆ ಹಾಕುವುದು, ಈಚೆಗೆ ಗಡ್ಡ ಬೋಳಿಸಿ ಮುಖ ಬಿಳುಚಿಕೊಂಡಿರುವುದು. ಬೆಳಗಿನ ಜಾವದ ವಿಮಾನಕ್ಕೆ ನೆಗಡಿ ಹಿಡಿದು ಹೊರಟವನ ಗತಿ ನೀವೇ ಯೋಚಿಸಿ. ಅದೇ ಪಟ್ಟಿಯಲ್ಲಿ ಇನ್ನೊಂದಿತ್ತು: ತಪಾಸಣೆಯ ಬಗ್ಗೆ ವಿಪರೀತ ಗೊಣಗುವುದು. ಅದಕ್ಕೇ ನನ್ನ ಗೊಣಗಾಟವನ್ನೆಲ್ಲ ಮನೆಯಲ್ಲೇ ಕೂತು ಇಲ್ಲಿ ಮುಗಿಸುತ್ತಿದ್ದೇನೆ. ಸಾಲಿನಲ್ಲಿ ನಿಂತಾಗ ಬಾಯಿ ಬಿಡುವುದಿಲ್ಲ, ಆಕಳಿಸುವುದಕ್ಕೂ.