ಜಳಕಾ ಮಾಡಿ ಜಳಕಕ್ಕ ಹೋಗೂದು

"ಏನಪಾ ಇದು? ಜಳಕಾ ಮಾಡಿ ಮತ್ತ ಜಳಕಕ್ಕ ಹೋಗೂದೇನು?"

ಗುಳೇದಗುಡ್ಡದಿಂದ ಬಂದಿದ್ದ ಕಾಕಾ ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. ಲಾಸ್ ವೇಗಸ್‌ನ ಝಗಮಗ ಅವರಿಗೆ ಒಂದೇ ಸಂಜೆಗೆ ಸಾಕಾಗಿತ್ತು. ಅದಕ್ಕೆ ಟಿಕೋಪಾಕ್ಕೆ ಕರೆದುಕೊಂಡು ಹೋಗಿದ್ದೆ. ನಮ್ಮ ಮನೆಯಿಂದ ಒಂದೂವರೆ ತಾಸಿನ ದಾರಿ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯ ಪಕ್ಕದ ಮರುಭೂಮಿ. 40 ಡಿಗ್ರಿ ದಾಟಿದ ಬಿಸಿನೀರು ನೆಲದಿಂದ ತಾನಾಗಿಯೇ ಉಕ್ಕುತ್ತದೆ. ನಾವು ಹೋದ ಹಳೇ ಸ್ನಾನದ ಮನೆಯಲ್ಲಿ ಗಂಡಸರಿಗೆ ಬೇರೆ ಕೊಳ, ಹೆಂಗಸರಿಗೆ ಬೇರೆ. ಮೈಮೇಲೆ ಒಂದೆಳೆ ಬಟ್ಟೆ ಇರಬಾರದು. ಮೊದಲು ಸಾಬೂನು ಹಚ್ಚಿ ಮೈ ತೊಳೆದುಕೊಂಡೇ ನೀರಿಗೆ ಇಳಿಯಬೇಕು. ಬಟ್ಟೆ ಬಿಚ್ಚೋದಕ್ಕೆ ಕಾಕಾ ಹೇಗೋ ಒಪ್ಪಿದರು. ಮೈ ತೊಳೆದು ಬನ್ನಿ ಅಂದಿದ್ದು ಮಾತ್ರ ಚುಚ್ಚಿತು. "ಮುಂಜಾನಿನೇ ಮಾಡೀನಲ್ಲ, ನಾ ಏನ್ ಹೊಲಸದೀನೇನು?"

ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಶ್ರಾವಣ ಸೋಮವಾರ ನನ್ನನ್ನು ಬದಾಮಿ ಹತ್ತಿರದ ಮಹಾಕೂಟಕ್ಕೆ ಕರೆದುಕೊಂಡು ಹೋಗಿ ವಿಷ್ಣು ಪುಷ್ಕರಣಿಗೆ ತಳ್ಳಿ ಈಜು ಕಲಿಸಿದವರು ಅವರೇ. ನಮ್ಮಲ್ಲಿ ಹೊಂಡಕ್ಕೆ ಇಳಿಯೋದೇ ಮೈ ತೊಳೆಯೋಕೆ. ಧೂಳು, ಬೆವರು, ಬಸ್ಸಿನ ದಣಿವು ಎಲ್ಲ ಅದೇ ನೀರಿಗೆ. ಚಾಲುಕ್ಯರ ಕಾಲದಿಂದ ಜನ ಇಳಿಯುತ್ತಲೇ ಇದ್ದಾರೆ, ಬುಗ್ಗೆ ಹೊಸ ನೀರು ಕೊಡುತ್ತಲೇ ಇದೆ. ಯಾರು ಕೊಳೆ ಬಿಟ್ಟರೇನು, ನೀರು ನೋಡಿಕೊಳ್ಳುತ್ತೆ ಅನ್ನೋ ನಂಬಿಕೆ ನಮ್ಮದು.

ಆದರೆ ಚಾಲುಕ್ಯರ ಕಾಲದಲ್ಲಿ ಶಾಂಪೂ ಇರಲಿಲ್ಲ ಅಲ್ವಾ? ಹೋದ ಸಲ ಊರಿಗೆ ಬಂದಾಗ ಮೆಟ್ಟಿಲ ಮೇಲೆ ಹರಿದ ಶಾಂಪೂ ಚೀಟಿಗಳು ಬಿದ್ದಿದ್ದವು. ಒಬ್ಬ ಹುಡುಗ ತಲೆತುಂಬ ನೊರೆ ಮಾಡಿಕೊಂಡು ಮುಳುಗಿದ. ಹೀಗೆ ಮಾಡಬಾರದಪ್ಪ ಅಂದೆ. "ನೀವು ಅಮೆರಿಕಾದವ್ರು ಏನ್ರಿ?" ಅಂದ, ನಕ್ಕ. ಅಂಗಿ ನೋಡಿ ಗುರುತು ಹಿಡಿದನೋ, ಉಪದೇಶ ಕೇಳಿಯೋ ಗೊತ್ತಿಲ್ಲ. ಟಿಕೋಪಾದಲ್ಲಿ ಕಾಕಾನಂಥ ಹಿರಿಯರಿಗೂ ಯಾವ ಮುಲಾಜಿಲ್ಲದೆ ಮೈ ತೊಳೆದು ಬನ್ನಿ ಅನ್ನುತ್ತಾರೆ. ನಮ್ಮಲ್ಲಿ ಹೇಳುವವನೇ ತಲೆತಗ್ಗಿಸಿಕೊಂಡು ಬರಬೇಕು. ನನಗೆ ಟಿಕೋಪಾದವರ ರೀತಿಯೇ ಸರಿ ಅನಿಸುತ್ತದೆ. ಕಾಕಾ ಬೈದುಕೊಂಡರೂ ಅಷ್ಟೇ.

ಬೈದವರು ಆಮೇಲೆ ಕುತ್ತಿಗೆಮಟ ನೀರಲ್ಲಿ ಕೂತು ಏಳಲೇ ಇಲ್ಲ. ಮೊಣಕಾಲು ನೋವು ಹಗುರಾಯಿತಂತೆ.

ಊಟ ಮುಗಿಸಿ ಪಕ್ಕದ ಶೋಶೋನಿ ಊರಿಗೆ ಹೋದೆವು. ಅಲ್ಲಿ ಡಬ್ಲಿನ್ ಗಲ್ಚ್ ಅಂತ ಒಂದು ಕಮರಿ ಇದೆ. ಗಣಿ ಕೆಲಸದವರು ಮೆತ್ತನೆಯ ಮಣ್ಣುಗುಡ್ಡ ಕೊರೆದು ಮಾಡಿಕೊಂಡ ಮನೆಗಳು ಹಾಗೇ ಇವೆ. ಬಾಗಿಲಿದೆ, ಹೊಗೆ ಹೋಗೋಕೆ ಕೊಳವೆ ಇದೆ, ಒಬ್ಬ ಪುಣ್ಯಾತ್ಮ ಕಾರು ನಿಲ್ಲಿಸೋಕೂ ಗುಹೆ ಕೊರೆದಿದ್ದಾನೆ. ಸುತ್ತಲಿನ ನೂನ್‌ಡೇ, ಗನ್‌ಸೈಟ್ ಗಣಿಗಳಲ್ಲಿ ಸೀಸ, ಬೆಳ್ಳಿ ತೆಗೆಯುತ್ತಿದ್ದರು. ಅದಿರು ಸಾಗಿಸಿದ ರೈಲು 1940ರಲ್ಲಿ ನಿಂತಿತು. ಹಳಿ ಕಿತ್ತುಕೊಂಡು ಹೋದರೂ ದಿಬ್ಬ ಉಳಿದಿದೆ. ಬದಾಮಿ ಗುಹೆ ನೋಡುತ್ತ ಬೆಳೆದವರಿಗೆ ಇದೇನು ದೊಡ್ಡದು ಅನಿಸಬಹುದು. ಆದರೆ ಅವು ರಾಜರು ಕೊರೆಸಿದ್ದು. ಕೂಲಿಯವನ ಮನೆಯನ್ನೂ ಯಾರಾದರೂ ಉಳಿಸುತ್ತಾರಾ? ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್ ಒಡೆದವರ ಗುಡಿಸಲನ್ನು ನಾವು ಯಾವತ್ತಾದರೂ ತಿರುಗಿ ನೋಡಿದ್ದೇವಾ?

"ಹೊಳಿ ಅಂದಿದ್ದೆಲ್ಲ, ಎಲ್ಲೈತಿ?" ಅಂತ ಕಾಕಾ ಕೇಳಿದರು. ಅಮರ್ಗೋಸಾ ಹೊಳೆ ಬಹಳ ದೂರ ನೆಲದೊಳಗೇ ಹರಿಯುತ್ತದೆ. ಟಿಕೋಪಾದ ಹತ್ತಿರ ಸ್ವಲ್ಪ ಮೇಲೆ ಬಂದು ಮುಖ ತೋರಿಸುತ್ತದೆ. ಸಮುದ್ರ ಸೇರೋದಿಲ್ಲ. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಬ್ಯಾಡ್‌ವಾಟರ್‌ನ ಉಪ್ಪಿನ ಬಯಲಲ್ಲಿ ಮುಗಿಯುತ್ತದೆ. ಎಲ್ಲ ಕೇಳಿಸಿಕೊಂಡು "ಬ್ಯಾಸಿಗ್ಯಾಗ ನಮ್ಮ ಮಲಪ್ರಭಾನೂ ಹಿಂಗs" ಅಂದರು.

ಈಗ ಹೇಳದಿದ್ದರೆ ತಪ್ಪಾಗುವ ಒಂದು ಮಾತು. ಇದೇ ಟಿಕೋಪಾದ ಬಿಸಿನೀರಲ್ಲಿ ಅರ್ಧ ಬೆರಳುದ್ದದ ಟಿಕೋಪಾ ಪಪ್‌ಫಿಶ್ ಅನ್ನೋ ಮೀನಿತ್ತು. ಬೇರೆಲ್ಲೂ ಇರಲಿಲ್ಲ. ಸ್ನಾನದ ಮನೆ ಕಟ್ಟುವಾಗ ಬುಗ್ಗೆಯ ನೀರು ಹರಿಯುವ ಕಾಲುವೆಯನ್ನೇ ತಿದ್ದಿದರು. ನೀರು ಜೋರಾಗಿ, ಆರದೆ, ಬಿಸಿಬಿಸಿಯಾಗಿಯೇ ಮುಂದಕ್ಕೆ ಓಡಿತು. ಮೀನಿಗೆ ತಾಳಲಿಲ್ಲ. 1982ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ತೆಗೆಯಿತು. ಉಳಿಸಿಕೊಂಡು ಅಲ್ಲ, ಅಳಿದುಹೋಗಿದ್ದಕ್ಕೆ. ಹಾಗೆ ಆ ಪಟ್ಟಿಯಿಂದ ಹೊರಬಿದ್ದ ಮೊದಲ ಜೀವಿ ಅದೇ. ಮೈ ತೊಳೆದು ಬನ್ನಿ ಅನ್ನುವ ಶಿಸ್ತಿನ ಜನರ ಕೈಯಲ್ಲೇ ಇದಾಗಿದ್ದು. ಅಲ್ಲದೆ ಇಲ್ಲಿ ನೀರಿಗಿಳಿಯೋಕೆ ದುಡ್ಡು ಕೊಡಬೇಕು. ಮಹಾಕೂಟದಲ್ಲಿ ಕುರಿ ಕಾಯುವವನೂ ಸಾವ್ಕಾರನೂ ಪುಕ್ಕಟೆ ಮುಳುಗುತ್ತಾರೆ. ಒಪ್ಪಲೇಬೇಕು.

ಆದರೂ ಹಟ ಬಿಟ್ಟಿಲ್ಲ. ಹೊಂಡದ ಹೊರಗೆ ಮೈ ತೊಳೆಯೋಕೆ ನಾಕು ನಲ್ಲಿ ಹಾಕಿಸೋಣ, ದುಡ್ಡು ನಾನು ಕೊಡ್ತೀನಿ ಅಂತ ಅಣ್ಣನಿಗೆ ಫೋನ್ ಮಾಡಿದೆ. "ನೀರು ಎಲ್ಲಿಂದ ತರ್ತಿ?" ಅಂದ. ಹೊಂಡದಿಂದ ಹೊರಗೆ ಹರಿದುಹೋಗೋ ನೀರೇ ಸಾಕು ಅಂದೆ. ಆಗಬಹುದು ಅಂದ. ಆದರೆ ಅದಕ್ಕೆ ಯಾರನ್ನು ಕೇಳಬೇಕು ಅನ್ನೋದೇ ನಮ್ಮಿಬ್ಬರಿಗೂ ಗೊತ್ತಿಲ್ಲ.