ಸ್ಕೇಲ್ ಬದಿಗಿಡಿ, ಕೋಳಿ ಪುಕ್ಕ ಹಿಡಿಯಿರಿ

ಹೋದ ವಾರ ಒಂದು ಶಾಲೆಯ ಚಿತ್ರ ಪ್ರದರ್ಶನಕ್ಕೆ ಹೋಗಿದ್ದೆ. ಗೋಡೆ ತುಂಬ ಮುಖವಾಡ, ಜಿರಾಫೆ, ಕೆಂಪು ಸೂರ್ಯ. ಮೇಲೆ ‘ಆಫ್ರಿಕನ್ ಆರ್ಟ್’ ಅಂತ ದೊಡ್ಡ ಬೋರ್ಡು. ಮಕ್ಕಳ ಕೈ ಚೆನ್ನಾಗಿತ್ತು. ಆದರೆ ಇದು ಯಾವ ದೇಶದ್ದು, ಅಲ್ಲಿ ಯಾರು ಬರೆಯುತ್ತಾರೆ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಹಸೆ ಚಿತ್ತಾರ, ವಾರ್ಲಿ, ಮಧುಬನಿ ಎಲ್ಲವನ್ನೂ ‘ಏಷ್ಯನ್ ಆರ್ಟ್’ ಅಂದುಬಿಟ್ಟರೆ ನಮಗೆ ಬೇಜಾರಾಗಲ್ವಾ? ಆಫ್ರಿಕಾ 54 ದೇಶಗಳ ಖಂಡ.

ನಾನೂ ಡ್ರಾಯಿಂಗ್ ಟೀಚರ್. ಎಂಟನೇ ಕ್ಲಾಸಿಗೆ ನಾನು ಒಬ್ಬರ ಬಗ್ಗೆಯೇ ಕಲಿಸುತ್ತೇನೆ: ದಕ್ಷಿಣ ಆಫ್ರಿಕಾದ ಚಿತ್ರ ಕಲಾವಿದೆ ಎಸ್ತರ್ ಮಹ್ಲಾಂಗು. 1935ರಲ್ಲಿ ಹುಟ್ಟಿದವರು, ಅಲ್ಲಿನ ಎನ್‌ಡೆಬೆಲೆ ಸಮುದಾಯದವರು. ಅಲ್ಲಿ ಮನೆ ಗೋಡೆಗೆ ಚಿತ್ರ ಬರೆಯುವುದು ಹೆಂಗಸರ ವಿದ್ಯೆ. 1883ರಲ್ಲಿ ಬೋಯರರ (ಡಚ್ ಮೂಲದ ಬಿಳಿಯ ವಲಸಿಗರ) ಎದುರು ಸೋತು, ನೆಲ ಕಳೆದುಕೊಂಡು, ಅವರ ಹೊಲಗಳಲ್ಲೇ ಜೀತಕ್ಕೆ ಬಿದ್ದ ಸಮುದಾಯ ಇದು. ಎಲ್ಲ ಹೋದ ಮೇಲೂ ತಾವು ಯಾರು ಅನ್ನುವುದನ್ನು ಗೋಡೆ ಮೇಲೆ ಉಳಿಸಿಕೊಂಡವರು ಈ ಹೆಂಗಸರು. ಇದನ್ನು ಹೇಳದೆ ಬರೀ ತ್ರಿಕೋನ, ಪಟ್ಟೆ ಬರೆಸಿದರೆ ಏನು ಕಲಿಸಿದ ಹಾಗಾಯಿತು?

ಎಸ್ತರ್ ಅವರ ಬಾಲ್ಯದ ಕತೆ ನನ್ನ ಮಕ್ಕಳಿಗೆ ತುಂಬಾ ಇಷ್ಟ. ಅಮ್ಮ, ಅಜ್ಜಿ ಊಟಕ್ಕೆ ಎದ್ದಾಗ ಈ ಹತ್ತು ವರ್ಷದ ಹುಡುಗಿ ಅವರ ಗೋಡೆ ಮೇಲೆ ಕೈಯಾಡಿಸುತ್ತಿದ್ದಳು. ಬೈದರೂ ಬಿಡಲಿಲ್ಲ. ಕೊನೆಗೆ ಮನೆಯ ಹಿಂದಿನ ಗೋಡೆ ಕೊಟ್ಟರು. ಕೈ ಪಳಗಿದ ಮೇಲೆ ಮುಂದಿನ ಗೋಡೆಗೆ ಕರೆದರು. 1991ರಲ್ಲಿ ಅದೇ ಕೈ ಒಂದು ಬಿಎಂಡಬ್ಲ್ಯು ಕಾರಿಗೆ ಬಣ್ಣ ಬರೆಯಿತು.

ಅವರು ಬರೆಯುವುದು ಕೋಳಿ ಪುಕ್ಕದಲ್ಲಿ. ಸ್ಕೇಲ್ ಇಲ್ಲ, ಪೆನ್ಸಿಲ್ ಗುರುತೂ ಇಲ್ಲ. ಅದಕ್ಕೇ ನಾನೂ ಸ್ಕೇಲುಗಳನ್ನು ಮೇಜಿನ ಮೇಲೆ ಇಡಿಸುತ್ತೇನೆ. ಮೊದಲ ದಿನ ಗಲಾಟೆಯೋ ಗಲಾಟೆ. ‘ಮಿಸ್, ಗೆರೆ ಸೊಟ್ಟ ಆಗ್ತಿದೆ!’ ಆಗಲಿ ಬಿಡಿ. ಪುಕ್ಕದ ತುದಿಯನ್ನು ಕಪ್ಪು ಬಣ್ಣದಲ್ಲಿ ಅದ್ದಿ, ಉಸಿರು ಹಿಡಿದು, ಮೊಣಕೈಯಿಂದ ಎಳೆಯಬೇಕು. ಮೊದಲು ಕಪ್ಪು ಗೆರೆ, ಆಮೇಲೆ ಒಳಗೆ ಬಣ್ಣ. ಮೂರನೇ ವಾರ ಕ್ಲಾಸಿನಲ್ಲಿ ಪುಕ್ಕ ಕಾಗದಕ್ಕೆ ತಾಗುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

ಎನ್‌ಡೆಬೆಲೆ ಹೆಂಗಸರು ಬ್ಲೇಡು, ವಿಮಾನ, ಬಲ್ಬುಗಳನ್ನೂ ವಿನ್ಯಾಸ ಮಾಡಿದ್ದಾರೆ. ಹಾಗಾಗಿ ಮಕ್ಕಳಿಗೂ ತಮ್ಮ ಮನೆಯ ವಸ್ತು ಹುಡುಕಿ ಅಂದೆ. ಒಬ್ಬಳು ಗ್ಯಾಸ್ ಸಿಲಿಂಡರ್ ಬರೆದಳು, ಎಡಕ್ಕೊಂದು ಬಲಕ್ಕೊಂದು. ಕೆಳಗೆ ತನ್ನ ಹೆಸರು. ಅದರ ಕೆಳಗೆ, ‘ಎಸ್ತರ್ ಮಹ್ಲಾಂಗು ಅವರಿಂದ ಕಲಿತದ್ದು’.

ಡ್ರಾಯಿಂಗ್ ಟೀಚರುಗಳೇ, ಆ ಎರಡನೇ ಸಾಲನ್ನು ದಯವಿಟ್ಟು ಬರೆಸಿ.