ಬರವಣಿಗೆ ಬಿಟ್ಟಿದ್ದು ಯಾವಾಗ?
ಅಮೆರಿಕದ ಕಾದಂಬರಿಕಾರ ಲೂಯಿಸ್ ಬ್ರೋಮ್‌ಫೀಲ್ಡ್ ಬರವಣಿಗೆ ಬಿಟ್ಟು ರೈತರಾದರು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಅದೊಂದನ್ನು ಒಪ್ಪಲಾರೆ. 1927ರಲ್ಲಿ ಪುಲಿಟ್ಜರ್ ಸಾಹಿತ್ಯ ಪ್ರಶಸ್ತಿ ಪಡೆದ ಮನುಷ್ಯ ಒಹಾಯೊದ ಜಮೀನಿಗೆ ಬಂದ ಮೇಲೂ ಬರೆಯುತ್ತಲೇ ಇದ್ದರು. ಭಾರತದ ಮೇಲೆ ಬರೆದ ಕಾದಂಬರಿಯ ದುಡ್ಡೇ ಆ ಜಮೀನಿಗೆ ದಾರಿ ಮಾಡಿದ್ದು, ಅದಕ್ಕೇ ಅದಕ್ಕೆ ಭಾರತದ ಹೆಸರು, ಮಲಬಾರ್ ಫಾರ್ಮ್. ಇಲ್ಲದಿದ್ದರೆ ಸವೆದುಹೋದ ಆ ಗುಡ್ಡದ ಮಣ್ಣಿಗೆ ಸುಣ್ಣ, ಗೊಬ್ಬರ, ಹುಲ್ಲಿನ ಬೀಜ ಎಲ್ಲಿಂದ ಬರಬೇಕಿತ್ತು? ಬರವಣಿಗೆ ಬಿಟ್ಟು ರೈತರಾದರು ಅನ್ನೋದನ್ನು ಓದಿ ಬೆಂಗಳೂರಿನ ಐಟಿಯವರು ಸುಮ್ನೆ ರಾಜೀನಾಮೆ ಕೊಟ್ಟುಬಿಟ್ಟಾರು! ನಾನು ಕನಕಪುರದ ಕಡೆ ಇಳಿಜಾರಿಗೆ ಅಡ್ಡವಾಗಿ ಬದು ಹಾಕಿಸಿ ಹುರುಳಿ ಚೆಲ್ಲಿದ್ದೇನೆ, ಜೋರು ಮಳೆಗೆ ಪಕ್ಕದ ಹೊಲದಿಂದ ಕೆಂಪು ನೀರು ಹರಿದರೆ ನಮ್ಮದರಿಂದ ಹೆಚ್ಚುಕಮ್ಮಿ ತಿಳಿ ನೀರೇ ಬರುತ್ತದೆ. ಆದರೆ ಜೆಸಿಬಿ ಬಾಡಿಗೆ ಕಟ್ಟಿದ್ದು ನನ್ನ ಆಫೀಸಿನ ಸಂಬಳ, ಹುರುಳಿ ಅಲ್ಲ.